ಗೆದ್ದವರು ಒಳಗೆ, ಸೋತವರು ಟಾಕಿಯ ಕಟ್ಟೆಗೆ

ಬೆಂಗಳೂರಿಗೆ ಬಂದ ಮೂರನೆಯ ದಿನ, ಜಯನಗರದ ಒಂದು ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ಕಾಲಿಗಿನ್ನೂ ಒಗ್ಗದ ಹೊಸ ಬೂಟು ಹಾಕಿಕೊಂಡು, ನಾನು ನಮ್ಮದೇ ತಂಡದ ರಿಂಗಿಗೆ ಚೆಂಡು ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಎರಡೂ ಕೈ ಎತ್ತಿ ಕುಣಿದೆ. ನನ್ನ ಜೊತೆ ಯಾರೂ ಕುಣಿಯಲಿಲ್ಲ. ಎದುರು ತಂಡದ ಹುಡುಗಿಯೊಬ್ಬಳು ಮಾತ್ರ ಚಪ್ಪಾಳೆ ತಟ್ಟಿ “ಥ್ಯಾಂಕ್ಸ್ ಅಕ್ಕ” ಅಂದಳು. ಕೋಚ್ ಮಧು ಸರ್ ಬಾಯಲ್ಲಿದ್ದ ಸೀಟಿ ತೆಗೆದು ನನ್ನನ್ನೇ ನೋಡಿದರು.

“ಏಯ್, ಯಾರ್ ಕಡೆಯಮ್ಮ ನೀನು?”

“ಹಾಕಿದ್ನಲ್ರಿ ಸರ?” ಅಂದೆ. ತಪ್ಪೇನಾಯಿತೆಂದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ.

ಇದನ್ನು ಊರಿನ ಹಳಬರು ಓದಿದರೆ ನಗುತ್ತಾರೆ, ಯಾಕೆಂದರೆ ಅವರಿಗೆ ಕಾರಣ ಗೊತ್ತು. ಈಗ ನಮ್ಮೂರ ಕಾಲೇಜಿನಲ್ಲಿರುವ ಹುಡುಗಿಯರಿಗೆ ಹೇಳಲೇಬೇಕು. ನಿಮ್ಮ ಆ ಚಂದದ ಕೋರ್ಟಿನಲ್ಲಿ ನಮ್ಮ ಕಾಲಕ್ಕೆ ಇದ್ದದ್ದು ಒಂದೇ ರಿಂಗು. ಎರಡನೆಯ ಕಂಬ ಇರಬೇಕಾದ ಕಡೆ ನೀರಿನ ಟಾಕಿ ಕಟ್ಟಿದ್ದರು. ಹಾಗಾಗಿ ಅರ್ಧ ಕೋರ್ಟಿನಲ್ಲಿ ಮೂವರು ಮೂವರು ಆಡುತ್ತಿದ್ದೆವು. ಎರಡೂ ತಂಡದವರು ಹಾಕುವುದು ಅದೇ ರಿಂಗಿಗೆ, ಕಾಯುವುದೂ ಅದನ್ನೇ. ಎದುರಿನವರ ಗುರಿ ತಪ್ಪಿ ಚೆಂಡು ನಮ್ಮ ಕೈಗೆ ಬಂದರೆ ಅದನ್ನು ಗೆರೆಯಾಚೆ ಒಯ್ದು, ತಿರುಗಿ, ಮತ್ತೆ ಅಲ್ಲಿಗೇ ಹಾಕುವುದು. ಜಿಲ್ಲೆಯ ಮೂವರ ಪಂದ್ಯಾವಳಿಯಲ್ಲೂ ಅದೇ ನಿಯಮ. ಅಲ್ಲಿ ನನ್ನ ಆಟ ನೋಡಿಯೇ ಮಧು ಸರ್ ನನ್ನನ್ನು ಕರೆದುಕೊಂಡು ಬಂದದ್ದು. ಐದು ಜನರ ಆಟ, ಉದ್ದದ ಕೋರ್ಟು, ಆ ಕಡೆಯೊಂದು ಈ ಕಡೆಯೊಂದು ರಿಂಗು, ಅದರ ಮೇಲೆ ಅರ್ಧ ಆಟವಾದ ಮೇಲೆ ಕಡೆ ಬದಲಾಯಿಸುವ ಪದ್ಧತಿ. ಇದೆಲ್ಲ ನನ್ನ ತಲೆಗೆ ಹೋದರೂ ಕಾಲಿಗೆ ಹೋಗಲು ಒಂದು ವರ್ಷ ಹಿಡಿಯಿತು.

ಈಗ ಬೆಂಗಳೂರಿಗೆ ಬಂದು ನಾಲ್ಕು ವರ್ಷ. ಬೆಳಿಗ್ಗೆ ಕತ್ರಿಗುಪ್ಪೆಯ ಒಂದು ಶಾಲೆಯಲ್ಲಿ ಆಟದ ಮೇಡಂ, ಸಂಜೆ ಕ್ಲಬ್ಬಿನ ಆಟಗಾರ್ತಿ. ಕೆಲಸ ಕೊಡಿಸಿದ್ದು ಕ್ಲಬ್ಬು, ಪದ್ಮಾ ಆಂಟಿಯ ಮನೆಯ ಮಹಡಿ ಮೇಲಿನ ಕೋಣೆ ಹುಡುಕಿಕೊಟ್ಟದ್ದೂ ಕ್ಲಬ್ಬು. ಪದ್ಮಾ ಆಂಟಿ ನಿವೃತ್ತ ಗಣಿತದ ಟೀಚರ್. ಊರಲ್ಲಾದರೆ ಇವರನ್ನು ನಾನು ಅತ್ತಿ ಅಂತಲೋ ಅಕ್ಕೋರು ಅಂತಲೋ ಕರೆಯುತ್ತಿದ್ದೆ. ಇಲ್ಲಿ ತರಕಾರಿ ಅಂಗಡಿಯಾಕೆಯೂ ಆಂಟಿ, ಮನೆಯ ಯಜಮಾನಿಯೂ ಆಂಟಿ, ಹೆಸರು ಗೊತ್ತಿಲ್ಲದ ಎಲ್ಲರೂ ಆಂಟಿ. ಒಂದೇ ಮಾತಿನಲ್ಲಿ ಇಡೀ ಊರನ್ನೇ ನಿಭಾಯಿಸಬಹುದು, ಅದೊಂದು ಅನುಕೂಲ.

ಊಟದ್ದೇ ಒಂದು ಕಥೆ. ಆಂಟಿಯ ಮನೆಯಲ್ಲಿ ತರಕಾರಿ ಹಾಕಿ ಗಟ್ಟಿಯಾಗಿ ಮಾಡಿದರೆ ಅದು ಹುಳಿ, ತೆಳ್ಳಗೆ ಮಾಡಿದರೆ ಸಾರು, ಎರಡಕ್ಕೂ ಅನ್ನವೇ. ಎರಡು ಹೊತ್ತು ಅನ್ನ ಉಂಡು ಕೋರ್ಟಿಗಿಳಿದರೆ ನನಗೆ ಅರ್ಧ ಗಂಟೆಯಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಹೇಳಲು ನಾಚಿಕೆ. ಒಂದು ದಿನ ಆಂಟಿ ತಾವಾಗಿಯೇ ಜೋಳದ ಹಿಟ್ಟು ತಂದು, ರೊಟ್ಟಿಯನ್ನು ಕೈಯಿಂದ ಬಡಿಯುವ ಬದಲು ಲಟ್ಟಣಿಗೆಯಲ್ಲಿ ಲಟ್ಟಿಸಿ, ತಟ್ಟೆಗೆ ಹಾಕಿದರು. ಅಂಚೆಲ್ಲ ಒಡೆದು ನಕಾಶೆಯಂತಾಗಿತ್ತು. “ಸರಿಯಾಗಿದ್ಯೇನೆ?” ಅಂತ ಕೇಳಿದರು. “ಭಾಳ ಛಲೋ ಆಗ್ಯಾವ್ರಿ” ಅಂದು, ಮೂರು ತಿಂದು, ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಯಾಕೆ ಅತ್ತೆನೆಂದು ಕೇಳಿದರೆ ಗೊತ್ತಿಲ್ಲ.

ನನಗೆ ಇಲ್ಲಿ ಬಹಳ ವಿಷಯ ಗೊತ್ತಾಗುವುದೇ ಇಲ್ಲ. ಮಾಘ ಮಾಸ ಬಂತೆಂದರೆ ಕೋರ್ಟಿನ ಪಕ್ಕದ ಮರಗಳು ಗುಲಾಬಿ ಬಣ್ಣದ ಹೂವು ಸುರಿಸುತ್ತವೆ. ವಾಕಿಂಗಿಗೆ ಬಂದವರು ನಿಂತು ಫೋಟೋ ತೆಗೆಯುತ್ತಾರೆ, ನಾವು ಕಸಬರಿಗೆ ಹಿಡಿದು ಗುಡಿಸುತ್ತೇವೆ, ಯಾಕೆಂದರೆ ಹೂವಿನ ಮೇಲೆ ಬೂಟು ಜಾರುತ್ತದೆ. ಅಷ್ಟು ಚಂದದ್ದನ್ನು ಗುಡಿಸಿ ಮೂಲೆಗೆ ಹಾಕುವಾಗ ಖುಷಿಪಡಬೇಕೋ ಬೈದುಕೊಳ್ಳಬೇಕೋ ತಿಳಿಯುವುದಿಲ್ಲ. ಬೈದುಕೊಂಡೇ ಗುಡಿಸುತ್ತೇನೆ.

ನೀರಿನದು ಇನ್ನೂ ವಿಚಿತ್ರ. ಆಂಟಿ ಗೋಡೆಯ ಸ್ವಿಚ್ಚು ಒತ್ತಿ “ಮೋಟರ್ ಹಾಕ್ದೆ” ಅನ್ನುತ್ತಾರೆ, ನೆಲದೊಳಗಿನ ಸಂಪಿನಿಂದ ನೀರು ತಾನೇ ಮೇಲೆ ಹೋಗುತ್ತದೆ. ಮೊದಮೊದಲು ಆ ಸದ್ದು ಕೇಳಿದ ಕೂಡಲೇ ನಾನು ಎದ್ದು ಕೊಡ ಹುಡುಕುತ್ತಿದ್ದೆ. ಆ ಮನೆಯಲ್ಲಿ ಕೊಡವೇ ಇರಲಿಲ್ಲ. ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದರೆ ಯಾರೂ ಏನೂ ಹೇಳುವುದಿಲ್ಲ. ಎರಡು ತಾಸು ಕುಳಿತರೂ ಇಲ್ಲ. ಊರಲ್ಲಿ ಎರಡು ನಿಮಿಷ ಖಾಲಿ ಕುಳಿತು ನೋಡಿ. ಮೊದಲ ವರ್ಷ ಇದನ್ನು ಸುಖ ಅಂದುಕೊಂಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಹಿರೇಮಠ ಸರ, ಅಂದರೆ ನನಗೆ ಚೆಂಡು ಹಿಡಿಯಲು ಕಲಿಸಿದ ಊರಿನ ದೈಹಿಕ ಶಿಕ್ಷಕರು, ಫೋನ್ ಮಾಡಿ “ಕಾಲೇಜಿನ ಸಂಚಿಕೆಗೆ ಬರಿಯವಾ, ಹುಡುಗ್ಯಾರಿಗೆ ಹುರುಪು ಬರಬೇಕು” ಅಂದಿದ್ದಾರೆ. ಅವರು ಬರೆಯಲು ಹೇಳಿದ್ದು ಕಳೆದ ತಿಂಗಳ ಸರಣಿಯ ಬಗ್ಗೆ. ಹುರುಪು ಬರುತ್ತದೋ ಇಲ್ಲವೋ, ನಡೆದದ್ದನ್ನು ಹೇಳುತ್ತೇನೆ.

ಈ ಸಲ ರಾಜ್ಯ ಲೀಗಿನ ಮಹಿಳೆಯರ ಬಿ ವಿಭಾಗದ ಫೈನಲ್ ಮೂರು ಪಂದ್ಯಗಳ ಸರಣಿಯಾಗಿತ್ತು. ಎರಡು ಗೆದ್ದವರಿಗೆ ಕಪ್, ಮತ್ತೆ ಎ ವಿಭಾಗಕ್ಕೆ ಬಡ್ತಿ. ಸರಣಿಗೆ ಹತ್ತು ದಿನ ಮುಂಚೆ ಮಧು ಸರ್ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: “ನೋಡ್ರಮ್ಮ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಈ ಸಲ ಮೇಲೆ ಹೋಗ್ಲಿಲ್ಲ ಅಂದ್ರೆ ಕಮಿಟಿಯವ್ರು ಲೇಡೀಸ್ ಟೀಮನ್ನ ನಿಲ್ಲಿಸ್ತಾರೆ.” ಉಳಿದವರೆಲ್ಲ ಬೆಂಗಳೂರಿನವರು. ತಂಡ ಹೋದರೂ ಅವರಿಗೆ ಮನೆಯಿದೆ. ನನ್ನ ಕೆಲಸ, ಕೋಣೆ ಎರಡೂ ತಂಡದ ಬಾಲ ಹಿಡಿದು ಬಂದವು, ತಂಡದ ಜೊತೆಗೇ ಹೋಗುತ್ತವೆ. ಅಂದರೆ ಸೋತರೆ ನಾನು ಊರಿಗೆ.

ಮರುದಿನ ಇನ್ನೊಂದು ಸೆಮಿಫೈನಲ್ ಮುಗಿಯಿತು. ಗೆದ್ದದ್ದು ಯಾರು ಅಂತೀರಿ? ನೀವೇ. ನಮ್ಮೂರಿನ ತಂಡ. ನಾನು ಊರು ಬಿಟ್ಟ ಮೇಲೆ ಮನೆಮನೆಗೆ ನಳ ಬಂದು, ಆ ಹಳೆಯ ಟಾಕಿ ಕೆಡವಿ, ಸರ ಅಲ್ಲಿ ಎರಡನೆಯ ರಿಂಗು ನಿಲ್ಲಿಸಿದ್ದರು. ಅದರ ಫೋಟೋ ನೋಡಿ ಖುಷಿಪಟ್ಟಿದ್ದೆ. ಆ ಎರಡನೆಯ ರಿಂಗು ನಡೆದುಕೊಂಡು ನನ್ನೆದುರಿಗೇ ಬಂದು ನಿಲ್ಲುತ್ತದೆ ಅಂದುಕೊಂಡಿರಲಿಲ್ಲ. ತಂಡದ ನಾಯಕಿ ಕಸ್ತೂರಿ. ಊರಲ್ಲಿ ಝೆರಾಕ್ಸ್ ಅಂಗಡಿ ನಡೆಸುತ್ತಾಳೆ. ಮೂವರ ಆಟದಲ್ಲಿ ಹನ್ನೊಂದು ವರ್ಷ ನನ್ನ ಎಡಗಡೆ ನಿಂತವಳು.

ಆ ಹತ್ತು ದಿನ ಕಂಡಕಂಡವರೆಲ್ಲ ನಾನು ಯಾತಕ್ಕಾಗಿ ಆಡುತ್ತೇನೆಂದು ನನಗೆ ಹೇಳಿದರು. ಜೊತೆ ಆಟಗಾರ್ತಿ ಶ್ರುತಿ, “ಛಲ ಮಗಾ, ನಿನ್ ಕಣ್ಣಲ್ಲೇ ಕಾಣತ್ತೆ” ಅಂದಳು. ಇಲ್ಲಿ ಮಗಾ ಅಂದರೆ ಗೆಳೆಯ, ಹುಡುಗಿಯರಿಗೂ ಅನ್ನುತ್ತಾರೆ. ಪದ್ಮಾ ಆಂಟಿ, “ನಿಮ್ಮಮ್ಮನಿಗೋಸ್ಕರ ತಾನೇ? ಹೆಣ್ಣು ಮಗಳು ದೂರ ಬಂದು ದುಡೀತಿದ್ದೀಯ” ಅಂದು ಕಣ್ಣು ಒರೆಸಿಕೊಂಡರು. ಮಧು ಸರ್, “ಒಂದೇ ರಿಂಗಲ್ಲಿ ಆಡ್ದವಳು ಎಲ್ಲಿಗೆ ಬಂದ್ಳು ಅಂತ ನಿಮ್ಮೂರವರಿಗೆ ತೋರ್ಸು” ಅಂದರು. ಎಲ್ಲರ ಮಾತಿಗೂ ಹೌದು ಅಂದೆ. ಅವರ ಎದುರಿಗೆ ಎಲ್ಲವೂ ಹೌದೆನಿಸುತ್ತಿತ್ತು, ಕೋಣೆಗೆ ಬಂದರೆ ಒಂದೂ ಅಲ್ಲ ಅನಿಸುತ್ತಿತ್ತು.

ಅವ್ವನಿಗೆ ಫೋನ್ ಮಾಡಿದೆ. “ನಮ್ಮವರ ಮ್ಯಾಲೇ ಆಡ್ತಿ?” ಅಂದಳು. “ಹೂಂ.” “ಸೋಲಸ್ತಿ?” “ಗೊತ್ತಿಲ್ಲವಾ.” ಅವ್ವ “ಕಸ್ತೂರಿ ಕೈಯಾಗ ಶೇಂಗಾ ಹಿಂಡಿ ಕಳಸೇನಿ, ಇಸ್ಗೋ” ಅಂದು ಫೋನ್ ಇಟ್ಟಳು. ಹಿಂಡಿಗೆ ಇಲ್ಲಿಯವರು ಚಟ್ನಿಪುಡಿ ಅನ್ನುತ್ತಾರೆ.

ಹಿರೇಮಠ ಸರಗೂ ಮಾಡಿದೆ. ಅವರಾದರೂ ಒಂದು ದಾರಿ ಹೇಳುತ್ತಾರೆ ಅಂದುಕೊಂಡೆ. “ನೀ ಛಂದ ಆಡು, ನಾವೂ ಛಂದ ಆಡ್ತೀವಿ. ಸೋತ್ರ ಊರಿಗೆ ಬಾ, ಇಲ್ಲಿ ಹುಡುಗ್ಯಾರಿಗೆ ಕಲಸಾಕ ಮಂದಿ ಬೇಕಾಗ್ಯಾರ” ಅಂದರು. ಅಲ್ಲಿಗೆ ಪೂರ್ತಿ ಕೆಟ್ಟಿತು. ಸೋತರೆ ಹೋಗಲು ಒಂದು ಜಾಗವಿದೆ, ಅದೂ ನನ್ನದೇ ಜಾಗ. ಅಂದ ಮೇಲೆ ಗೆಲ್ಲುವುದು ಯಾಕೆ?

ಶುಕ್ರವಾರ ಸಂಜೆ ಮೊದಲ ಪಂದ್ಯ. ನೀವೆಲ್ಲ ತಿಲಕ್ ನಗರದ ಛತ್ರದಲ್ಲಿ ಇಳಿದುಕೊಂಡು, ಕೆಂಪು ಜರ್ಸಿ ಹಾಕಿಕೊಂಡು ಬಂದಿರಿ. ನಾಲ್ಕು ವರ್ಷ ಬೆಂಗಳೂರಿನ “ಬಾಲ್ ಕೊಡು”, “ಸ್ವಿಚ್ ಮಾಡು” ಕೇಳಿದ ಕಿವಿಗೆ ಒಮ್ಮೆಲೇ “ಹಿಡಿಯಲೇ”, “ಬಿಡಬ್ಯಾಡ”, “ಹಿಂದ ನೋಡ” ಬಿದ್ದವು. ನನ್ನ ಕೈಕಾಲು ನನ್ನ ಮಾತು ಕೇಳುವುದು ಬಿಟ್ಟು ಆ ಮಾತನ್ನು ಕೇಳತೊಡಗಿದವು. “ಹಿಂದ ನೋಡ” ಅಂತ ಕಸ್ತೂರಿ ತನ್ನ ತಂಡದವಳಿಗೆ ಹೇಳಿದರೆ ನಾನು ಹಿಂದೆ ನೋಡುತ್ತಿದ್ದೆ. ಕೊನೆಯ ನಿಮಿಷದಲ್ಲಿ ಸಮ ಸಮ ಇತ್ತು. ಚೆಂಡು ನನ್ನ ಕೈಲಿ. ಎಡಗಡೆಯಿಂದ ನನ್ನ ಹೆಸರು ಕೂಗಿದ್ದು ಕೇಳಿತು.

“ರೇಣಿ, ನಂಗ!”

ಕೊಟ್ಟೆ. ನೇರವಾಗಿ ಕಸ್ತೂರಿಯ ಕೈಗೆ, ಎದೆಯ ಮಟ್ಟಕ್ಕೆ, ಹನ್ನೊಂದು ವರ್ಷ ಕೊಟ್ಟ ಹಾಗೆಯೇ. ಅವಳು ಓಡಿ ಹೋಗಿ ಹಾಕಿದಳು, ನಾವು ಎರಡು ಪಾಯಿಂಟಿನಿಂದ ಸೋತೆವು. ಅವಳೂ ಬೇಕೆಂದು ಕೂಗಿದ್ದಲ್ಲ, ಬಾಯಿಗೆ ಬಂದದ್ದು ಕೂಗಿದ್ದಳು. ಚೆಂಡು ಕೈಗೆ ಬಂದಾಗ ನನಗಿಂತ ಅವಳಿಗೇ ಹೆಚ್ಚು ಗಾಬರಿಯಾಗಿತ್ತು.

ಮಧು ಸರ್ ನನ್ನ ಮುಂದೆ ಬಂದು ನಿಂತು, ನಾಲ್ಕು ವರ್ಷದ ಹಿಂದಿನ ಪ್ರಶ್ನೆಯನ್ನೇ ಕೇಳಿದರು. “ಯಾರ್ ಕಡೆಯಮ್ಮ ನೀನು?” ಶ್ರುತಿ ಬೂಟಿನ ಲೇಸು ಬಿಚ್ಚುತ್ತಾ ಮುಖ ಎತ್ತಲಿಲ್ಲ.

ಶನಿವಾರ ನಾವು ಗೆದ್ದೆವು. ಅದರಲ್ಲಿ ನನ್ನ ಪರಾಕ್ರಮ ಏನೂ ಇಲ್ಲ, ಕಸ್ತೂರಿ ಐದು ಫೌಲ್ ಮಾಡಿ ಅರ್ಧದಲ್ಲೇ ಹೊರಗೆ ಹೋದದ್ದರಿಂದ ಗೆದ್ದೆವು.

ಭಾನುವಾರ ಬೆಳಿಗ್ಗೆ, ಕೊನೆಯ ಪಂದ್ಯಕ್ಕೆ ಮುಂಚೆ, ಕ್ಲಬ್ಬಿನ ವಿಡಿಯೊ ಮಾಡುವ ನಿಧಿ ಎಂಬ ಹುಡುಗಿ ಬಂದಳು. ನನ್ನನ್ನು ಮರದ ಕೆಳಗೆ ನಿಲ್ಲಿಸಿ, ಮೈಕು ಸಿಕ್ಕಿಸಿ, ಕೇಳಿದಳು. “ನೀವು ಟೀಮಿನ ಸ್ಟಾರ್. ಇಷ್ಟು ದೊಡ್ಡ ಮ್ಯಾಚಿಗೆ ಮುಂಚೆ ನಿಮಗೆ ಮೋಟಿವೇಶನ್ ಏನು ಮೇಡಂ?”

ಮೋಟಿವೇಶನ್ ಅಂದರೆ ಒಳಗಿನಿಂದ ತಳ್ಳುವುದು ಏನು ಅಂತ. ಶ್ರುತಿಯ ಛಲ, ಆಂಟಿ ಹೇಳಿದ ಅವ್ವ, ಮಧು ಸರ್ ಹೇಳಿದ ಸೇಡಿನಂಥದ್ದು, ಎಲ್ಲವೂ ನಾಲಿಗೆಯ ತನಕ ಬಂದು ವಾಪಸು ಹೋದವು. ಆಗ ಕಣ್ಮುಂದೆ ಬಂದದ್ದು ಟಾಕಿಯ ಕಟ್ಟೆ.

“ನಮ್ಮೂರಾಗ ಒಂದು ಪದ್ಧತಿ ಇತ್ರಿ,” ಅಂದೆ. “ಗೆದ್ದವರು ಒಳಗ ಉಳೀಬೇಕು, ಸೋತವರು ಹೋಗಿ ಟಾಕಿ ಕಟ್ಟಿ ಮ್ಯಾಲ ಕುಂಡ್ರಬೇಕು. ಅವರ ಪಾಳಿ ಮತ್ತ ಬರೂತನಕ. ಆ ಟಾಕಿಗೇ ನಳ ಇತ್ತು. ಸಂಜೀಮುಂದ ಊರ ಹೆಣ್ಮಕ್ಕಳೆಲ್ಲ ಕೊಡ ತಗೊಂಡು ಅಲ್ಲೇ ಬರ್ತಿದ್ರು. ಆಡೂ ಹುಡುಗೀನ್ನ ಯಾರೂ ಕರೀತಿರಲಿಲ್ಲ, ಆಟ ನಡದೈತಿ ಅಂತ ಬಿಡ್ತಿದ್ರು. ಕಟ್ಟಿ ಮ್ಯಾಲ ಕುಂತಾಕಿನ್ನ ಮಾತ್ರ ಬಿಡ್ತಿರಲಿಲ್ಲ. ಖಾಲಿ ಕುಂತೀಯಲ್ಲ, ಬಾ, ನೀರ ತುಂಬು ಅಂತಿದ್ರು. ಒಮ್ಮೆ ಕೊಡ ಹಿಡದ್ರ ಮುಗೀತು, ಆವತ್ತಿಗೆ ಮತ್ತ ಆಟ ಇಲ್ಲ. ಅದಕ್ಕ ಸೋಲಬಾರದು ಅಂತ ಆಡ್ತಿದ್ನಿ.”

ನಿಧಿ ಫೋನಿನಿಂದ ಕಣ್ಣೆತ್ತಿದಳು. “ಅಂದ್ರೆ, ನೀರು ತುಂಬೋದು ತಪ್ಪಿಸ್ಕೊಳ್ಳೋಕೆ ಬಾಸ್ಕೆಟ್‌ಬಾಲ್ ಆಡಿದ್ರಾ?”

“ಹೌದ್ರಿ.”

“ಸ್ವಲ್ಪ ಪಾಸಿಟಿವ್ ಆಗಿ ಹೇಳ್ತೀರಾ ಮೇಡಂ? ಇನ್ನೊಂದ್ಸಲ ತಗೊಳ್ಳೋಣ.”

ಎರಡನೆಯ ಸಲ “ನನ್ನ ತಂಡ, ನನ್ನ ಕ್ಲಬ್, ನನ್ನ ಬೆಂಗಳೂರು” ಅಂದೆ. “ಸಖತ್!” ಅಂದು ಹೋದಳು. ಅಂದರೆ ಬಹಳ ಚೆನ್ನಾಗಿದೆ ಅಂತ.

ಆದರೆ ನಾನು ಆ ಮರದ ಕೆಳಗೇ ನಿಂತೆ. ಬಾಯಿಂದ ಬಂದ ಮೇಲೆ ಅದು ನಿಜವೆಂದು ಗೊತ್ತಾಗಿತ್ತು, ಗೊತ್ತಾದದ್ದರಿಂದ ತಲೆ ಇನ್ನಷ್ಟು ಕೆಟ್ಟಿತು. ನಾನು ಕಪ್‌ಗಾಗಿ ಆಡಿದವಳೇ ಅಲ್ಲ. ಒಳಗೆ ಉಳಿಯಲು ಆಡಿದವಳು. ಇವತ್ತೂ ಅದೇ ನಿಯಮ: ಗೆದ್ದರೆ ಬೆಂಗಳೂರಿನಲ್ಲಿ ಉಳಿಯುತ್ತೇನೆ, ಸೋತರೆ ಹೊರಗೆ. ಆದರೆ ಯಾರು ಕರೆಯುತ್ತಾರೆಂದು ಹೆದರಿ ಇಷ್ಟು ವರ್ಷ ಗೆಲ್ಲುತ್ತಾ ಬಂದೆನೋ, ಆ ಕರೆಯುವವರು ಈಗಿಲ್ಲ. ಟಾಕಿ ಕೆಡವಿದ್ದಾರೆ. ಕಟ್ಟೆ ಇಲ್ಲ. ಇಲ್ಲಿ ಎರಡು ತಾಸು ಕುಳಿತರೂ ಒಬ್ಬರೂ ಕರೆಯುವುದಿಲ್ಲ. ಹಾಗಾದರೆ ನಾನು ಯಾರಿಂದ ತಪ್ಪಿಸಿಕೊಳ್ಳಲು ಆಡಬೇಕು?

ಉತ್ತರ ಸಿಗದೆಯೇ ಸಂಜೆ ಕೋರ್ಟಿಗಿಳಿದೆ. ಪದ್ಮಾ ಆಂಟಿ ಹೊಸ ಕಾಟನ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆಟದ ವಿವರ ನಿಮಗೆ ಗೊತ್ತೇ ಇದೆ, ನೀವೇ ಆಡಿದವರು. ಕೊನೆಗೆ ನೀವು ಒಂದು ಪಾಯಿಂಟ್ ಮುಂದಿದ್ದಿರಿ, ಕೆಲವೇ ಸೆಕೆಂಡು ಉಳಿದಿತ್ತು, ನಿಮ್ಮ ಗುರಿ ತಪ್ಪಿ ಚೆಂಡು ನನ್ನ ಕೈಗೆ ಬಂತು. ನಾನು ನಮ್ಮ ರಿಂಗಿನ ಕೆಳಗೇ ಇದ್ದೆ. ಒಂದು ಕ್ಷಣ ಎಲ್ಲವೂ ನಿಂತ ಹಾಗಾಯಿತು. ಗೆರೆಯಾಚೆ ಒಯ್ದು ತಿರುಗಬೇಕೋ, ಉದ್ದಕ್ಕೂ ಓಡಬೇಕೋ? ಎಡಗಡೆಯಿಂದ ಮತ್ತೆ “ರೇಣಿ, ನಂಗ!” ಬಂತು. ಈ ಸಲ ಬೇಕೆಂದೇ ಕೂಗಿದ್ದಳು, ಕಳ್ಳಿ. ಕಸ್ತೂರಿಯ ಮುಖ ನೋಡಿದೆ. ಕೊಡಲಿಲ್ಲ. ಓಡಿದೆ. ಆ ತುದಿಯ ರಿಂಗಿನವರೆಗೂ ಓಡಿ ಹಾಕಿದೆ.

ಪಂದ್ಯ ಮುಗಿದ ಸೀಟಿ ಕೇಳಿತು. ಶ್ರುತಿ ಬಂದು ನನ್ನನ್ನು ಎತ್ತಿಕೊಂಡಳು. ಮಧು ಸರ್ ತಲೆ ಆಡಿಸುತ್ತಿದ್ದರು. ನನ್ನ ಕೆಲಸ ಉಳಿಯಿತು, ಕೋಣೆ ಉಳಿಯಿತು, ತಂಡ ಉಳಿಯಿತು. ಖುಷಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ, ತುಂಬ ಖುಷಿಯಾಯಿತು. ಆಗ ಆ ಕಡೆ ನೋಡಿದೆ. ಕೋರ್ಟಿನ ಪಕ್ಕದ ಮೆಟ್ಟಿಲ ಮೇಲೆ ನೀವೆಲ್ಲ ಸಾಲಾಗಿ ಹೋಗಿ ಕುಳಿತಿದ್ದಿರಿ. ಯಾರೂ ಹೇಳಿರಲಿಲ್ಲ. ಟಾಕಿ ನೋಡದ ಹೊಸ ಹುಡುಗಿಯರೂ, ಕಸ್ತೂರಿ ಕುಳಿತಳೆಂದು, ಅವಳ ಪಕ್ಕಕ್ಕೆ ಕುಳಿತಿದ್ದರು.

ನಾನು ಶ್ರುತಿಯ ಕೈ ಬಿಡಿಸಿಕೊಂಡು ಹೋಗಿ ಆ ಸಾಲಿನ ತುದಿಗೆ ಕುಳಿತೆ.

“ಇಲ್ಲ್ಯಾಕ ಕುಂತಿ?” ಅಂದಳು ಕಸ್ತೂರಿ. ಅವಳ ಕಣ್ಣು ಕೆಂಪಾಗಿದ್ದವು. “ಗೆದ್ದಾಕಿ ನೀ. ಒಳಗ ಹೋಗ.”

“ಸುಮ್ನ,” ಅಂದೆ.

ಅವಳು ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದು ನನ್ನ ತೊಡೆಯ ಮೇಲೆ ಕುಕ್ಕಿದಳು. ಮೂರು ದಿನ ಕೊಟ್ಟಿರಲಿಲ್ಲ.

ಹಿರೇಮಠ ಸರ ಕೆಳಗೆ ಕೂತು ಒಬ್ಬ ಹುಡುಗಿಯ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದರು. ಯಾರು ಕುಳಿತಿದ್ದಾರೆಂದು ಅವರು ಸರಿಯಾಗಿ ನೋಡಲೂ ಇಲ್ಲ. ಸಾಲಿನ ತುದಿಯಲ್ಲಿ ಒಬ್ಬಳು ಕೈ ಕಟ್ಟಿ ಕುಳಿತದ್ದು ಕಂಡಿತು, ಅಷ್ಟೆ.

“ಯವಾ, ಖಾಲಿ ಕುಂತೀಯಲ್ಲ. ಬಾಟ್ಲಿ ಎಲ್ಲಾ ಖಾಲಿ ಆಗ್ಯಾವ, ನೀರ ತುಂಬ್ಕೊಂಡ ಬಾ.”

ನಾನು ಎದ್ದ ವೇಗ ನೋಡಿ ಕಸ್ತೂರಿಗೆ ಅಳುವಿನ ನಡುವೆಯೇ ನಗು ಬಂತು. ಎಂಟು ಬಾಟಲಿ ಎದೆಗವಚಿಕೊಂಡು ಕೋರ್ಟಿನ ಮೂಲೆಯ ನಲ್ಲಿಗೆ ಓಡಿದೆ. ಯಾವ ಮಾತಿನಿಂದ ತಪ್ಪಿಸಿಕೊಳ್ಳಲು ನಾನು ಇಷ್ಟು ದೂರ ಬಂದೆನೋ ಆ ಮಾತು ಕಿವಿಗೆ ಬಿದ್ದು, ಕಣ್ಣು ತುಂಬಿ, ಬಾಟಲಿಯ ಬಾಯಿಯೇ ಸರಿಯಾಗಿ ಕಾಣುತ್ತಿರಲಿಲ್ಲ.

ನನ್ನ ಹಿಂದೆ, ಕೋರ್ಟಿಗೆ ಕಪ್ ಬಂದಿತ್ತು. ತಂಡದವರು ಫೋಟೋಕ್ಕೆ ನಿಂತಿದ್ದರು, ನಡುವೆ ಒಂದು ಜಾಗ ಬಿಟ್ಟಿದ್ದರು. “ರೇಣುಕಾ, ಬಾಮ್ಮ, ಎಲ್ರೂ ನಿಂಗೇ ಕಾಯ್ತಿದಾರೆ!” ಅಂತ ಮಧು ಸರ್ ಆ ಕಡೆಯಿಂದ ಕೂಗಿದರು.

“ರೇಣುಕಾ, ತುಂಬಿತೇನವಾ?” ಅಂತ ಹಿರೇಮಠ ಸರ ಈ ಕಡೆಯಿಂದ ಕೂಗಿದರು.

“ಬಂದೆ!” ಅಂದೆ.

ಯಾರಿಗೆ ಹೇಳಿದೆನೋ ನನಗೇ ತಿಳಿಯದು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು, ಇನ್ನೂ ಮೂರು ಬಾಟಲಿ ತುಂಬುವುದಿತ್ತು.